ಅಂಗೈಯ ಒರತೆ

ಮಾರ್ಚ್ ತಿಂಗಳ ಒಂದು ಬೆಳಗು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಗಳನ್ನು ಹಂಚಿಯಾಗಿದೆ. ಗೋಡೆಯ ಬದಿಯ ಮೂರನೆಯ ಬೆಂಚಿನಲ್ಲಿ ಕುಳಿತ ಹುಡುಗಿಯೊಬ್ಬಳು ಬರೆಯಲು ತೊಡಗುವ ಮೊದಲು ಲಂಗದ ಅಂಚಿಗೆ ಅಂಗೈಯನ್ನು ಒತ್ತಿ ಒರೆಸಿಕೊಳ್ಳುತ್ತಾಳೆ. ಪ್ರಶ್ನೆಗಳೆಲ್ಲ ಅವಳಿಗೆ ತಿಳಿದವೇ. ಆದರೆ ನಾಲ್ಕು ಸಾಲು ಬರೆಯುವುದರೊಳಗೆ ಅಂಗೈ ಮತ್ತೆ ಒದ್ದೆಯಾಗುತ್ತದೆ. ಮಣಿಕಟ್ಟಿನ ಕೆಳಗೆ ಕಾಗದ ನೆನೆದು ಮೆತ್ತಗಾಗುತ್ತದೆ. ಮೇಲಿನ ಸಾಲಿನ ಶಾಯಿ ಹರಡಿಕೊಳ್ಳುತ್ತದೆ. ಲೇಖನಿ ಬೆರಳುಗಳ ನಡುವೆ ಜಾರುತ್ತದೆ. ಮೇಲ್ವಿಚಾರಕರು ಹತ್ತಿರ ಬಂದು ನೋಡುತ್ತಾರೆ.

“ಏನಮ್ಮ ಇದು? ನೀರು ಕುಡಿದ ಮೇಲೆ ಕೈ ಒರೆಸಿಕೊಳ್ಳಬಾರದೆ? ಉತ್ತರಪತ್ರಿಕೆಯನ್ನೆಲ್ಲ ಒದ್ದೆಮಾಡಿದ್ದೀಯಲ್ಲ!”

“ನೀರಲ್ಲ ಸಾರ್, ಬೆವರು.”

ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳಿಸುತ್ತದೆ. ಹುಡುಗಿಯ ಮುಖ ಕೆಂಪೇರುತ್ತದೆ. ಅಂಗೈ ಮೊದಲಿಗಿಂತಲೂ ಹೆಚ್ಚು ಬೆವರತೊಡಗುತ್ತದೆ.

ಇಂತಹ ಹುಡುಗಿ ಅಥವಾ ಹುಡುಗ ಯಾವ ಶಾಲೆಯಲ್ಲಾದರೂ ಇರಬಹುದು. ಒಂದು ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಒಬ್ಬಿಬ್ಬರಿಗಾದರೂ ಈ ತೊಂದರೆ ಇದ್ದೀತೆಂದು ವೈದ್ಯರು ಹೇಳುತ್ತಾರೆ. ಆದರೆ ಹಲ್ಲುನೋವನ್ನು ಹೇಳಿಕೊಂಡಂತೆ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಇದು ರೋಗವೆಂದು ಮನೆಯವರಿಗೆ ತೋರುವುದಿಲ್ಲ. ಗುಣವಾಗಬಲ್ಲದೆಂದು ಅನುಭವಿಸುವವರಿಗೂ ತಿಳಿದಿರುವುದಿಲ್ಲ.

ಬೆವರು ಅತಿಯಾದಾಗ ಆಗುವ ಕಷ್ಟವನ್ನು ತಿಳಿಯಬೇಕಾದರೆ ಬೆವರಿನ ಉಪಕಾರವನ್ನು ಮೊದಲು ತಿಳಿಯಬೇಕು. ಬೇಸಗೆಯಲ್ಲಿ ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಹೂಜಿಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಮಾನವ ಶರೀರವೂ ಇಂತಹುದೇ ಒಂದು ಹೂಜಿ. ಹೂಜಿಯ ನೀರು ತಾನಾಗಿ ಜಿನುಗುತ್ತದೆ, ಶರೀರವಾದರೋ ಬೇಕಾದಾಗ ಬೇಕಾದಷ್ಟನ್ನು ಜಿನುಗಿಸುತ್ತದೆ. ವ್ಯತ್ಯಾಸ ಇಷ್ಟೇ.

ನಮ್ಮ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರುಗ್ರಂಥಿಗಳಿವೆ. ಒಂದೊಂದೂ ದಾರದ ಉಂಡೆಯಂತೆ ಸುರುಳಿ ಸುತ್ತಿಕೊಂಡ ಸೂಕ್ಷ್ಮ ನಳಿಗೆ. ಅದರ ಬಾಯಿ ಚರ್ಮದ ಮೇಲೆ ತೆರೆದಿರುತ್ತದೆ. ಮೈಯ ಉಳಿದ ಭಾಗಗಳಿಗಿಂತ ಅಂಗೈ ಅಂಗಾಲುಗಳಲ್ಲಿ ಇವು ದಟ್ಟವಾಗಿವೆ. ಮಿದುಳಿನ ತಳದಲ್ಲಿರುವ ಹೈಪೊಥಲಮಸ್ ಎಂಬ ಪುಟ್ಟ ಭಾಗವು ರಕ್ತದ ಉಷ್ಣತೆಯನ್ನು ಸದಾ ಗಮನಿಸುತ್ತ ಶರೀರವನ್ನು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲಿಸಲು ಯತ್ನಿಸುತ್ತದೆ. ಉಷ್ಣ ಏರಿದೊಡನೆ ನರಗಳ ಮೂಲಕ ಗ್ರಂಥಿಗಳಿಗೆ ಆಜ್ಞೆ ಹೋಗುತ್ತದೆ. ಹೊರಬರುವ ದ್ರವದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ನೀರೇ. ಉಳಿದುದು ಉಪ್ಪು ಮತ್ತು ಅಲ್ಪಸ್ವಲ್ಪ ಬೇರೆ ಪದಾರ್ಥಗಳು. ಚರ್ಮದ ಮೇಲಿಂದ ಒಂದು ಲೀಟರ್ ಬೆವರು ಆವಿಯಾದರೆ ಅದು ತನ್ನೊಡನೆ ಕೊಂಡೊಯ್ಯುವ ಉಷ್ಣ ಎಷ್ಟು ಗೊತ್ತೆ? ಮಂಜುಗಡ್ಡೆಯಷ್ಟು ತಣ್ಣಗಿರುವ ಐದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವಂತೆ ಮಾಡಲು ಸಾಕಾಗುವಷ್ಟು! ಬಿಸಿಲಿನಲ್ಲಿ ಗೆಯ್ಯುವ ಆಳು ಒಂದು ಗಂಟೆಯಲ್ಲಿ ಒಂದು ಲೀಟರ್ ಬೆವರನ್ನು ಸುರಿಸಬಲ್ಲನು.

ಈ ಶಕ್ತಿ ಎಷ್ಟು ದೊಡ್ಡದೆಂಬುದನ್ನು ತೋರಿಸಿದ ಸೊಗಸಾದ ಪ್ರಯೋಗವೊಂದುಂಟು. ಲಂಡನ್ನಿನಲ್ಲಿ ಜಾರ್ಜ್ ಫೋರ್ಡೈಸ್ ಎಂಬ ವೈದ್ಯನು ಕೋಣೆಯೊಂದನ್ನು ಒಲೆಗಳಿಂದ ಕಾಯಿಸಿ, ಅದರೊಳಕ್ಕೆ ತನ್ನ ಗೆಳೆಯರನ್ನು ಆಹ್ವಾನಿಸಿದನು. ಅವರಲ್ಲೊಬ್ಬನಾದ ಚಾರ್ಲ್ಸ್ ಬ್ಲ್ಯಾಗ್ಡೆನ್ ಅಲ್ಲಿ ಕಂಡುದನ್ನು ಬರೆದು 1775ರಲ್ಲಿ ಪ್ರಕಟಿಸಿದನು. ಕೋಣೆಯ ಗಾಳಿಯ ಬಿಸಿ ಕ್ರಮೇಣ ಕುದಿಯುವ ನೀರಿನ ಬಿಸಿಯನ್ನೂ ಮೀರಿ 120 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತು. ಕೋಣೆಯಲ್ಲಿಟ್ಟ ಕೋಳಿಮೊಟ್ಟೆ ಬೆಂದು ಗಟ್ಟಿಯಾಯಿತು. ಮಾಂಸದ ತುಂಡು ಬೆಂದಿತು. ಅದೇ ಗಾಳಿಯಲ್ಲಿ ನಿಂತಿದ್ದ ಮನುಷ್ಯರು ಮಾತ್ರ ಕೆಲವು ನಿಮಿಷಗಳ ತರುವಾಯ ಸುರಕ್ಷಿತವಾಗಿ ಹೊರಬಂದರು. ಜೊತೆಗೆ ಒಯ್ದಿದ್ದ ನಾಯಿಗೂ ಏನೂ ಆಗಲಿಲ್ಲ. ಅದು ನಾಲಗೆಯನ್ನು ಹೊರಚಾಚಿ ಏದುಸಿರು ಬಿಡುತ್ತ ತನ್ನ ಉಷ್ಣವನ್ನು ಕಳೆದುಕೊಂಡಿತು. ಆ ಕೋಣೆಯಲ್ಲಿ ಇನ್ನೊಂದು ಪರೀಕ್ಷೆಯೂ ನಡೆಯಿತು. ಪಾತ್ರೆಯಲ್ಲಿಟ್ಟ ಬರಿಯ ನೀರು ಎಷ್ಟು ಹೊತ್ತಾದರೂ ಕುದಿಯಲಿಲ್ಲ. ನೀರಿನ ಮೇಲೆ ಸ್ವಲ್ಪ ಎಣ್ಣೆ ಬಿಟ್ಟಾಗ ಕುದಿಯಿತು. ಎಣ್ಣೆಯ ಪದರ ನೀರನ್ನು ಆವಿಯಾಗಗೊಡಲಿಲ್ಲ, ಆದುದರಿಂದ ಅದು ತಣಿಯುವ ದಾರಿ ಮುಚ್ಚಿಹೋಯಿತು. ಇಡಿಯ ಪ್ರಯೋಗದಲ್ಲಿ ಬೆಂದ ಮಾಂಸಕ್ಕಿಂತಲೂ ಹೆಚ್ಚು ಪಾಠ ಹೇಳುವುದು ಈ ಎಣ್ಣೆಯ ಪಾತ್ರೆಯೇ.

ಬೆವರು ಆವಿಯಾದರೆ ಮಾತ್ರ ತಂಪು. ಬರಿದೆ ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ. ಕರ್ನಾಟಕದ ಎರಡು ತುದಿಗಳಲ್ಲಿ ಇದನ್ನು ಕಾಣಬಹುದು. ರಾಯಚೂರು ಕಲಬುರಗಿಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಅಲ್ಲಿಯ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿ, ಅಂಗಿಯ ಮೇಲೆ ಉಪ್ಪಿನ ಬಿಳಿಯ ಗೆರೆಯನ್ನು ಮಾತ್ರ ಉಳಿಸುತ್ತದೆ. ಮಂಗಳೂರು ಉಡುಪಿಗಳಲ್ಲಿ ಬಿಸಿಲು ಅಷ್ಟು ಏರದು. ಆದರೆ ಕಡಲ ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಬೆವರು ಆರದೆ ಮೈಗೆ ಅಂಟಿ ಹರಿಯುತ್ತದೆ. ಘಟ್ಟದ ಮೇಲಿನವರು ಕರಾವಳಿಗೆ ಬಂದೊಡನೆ “ಇದೇನು ಸೆಕೆಯಪ್ಪ!” ಎಂದು ನಿಟ್ಟುಸಿರು ಬಿಡುವುದು ಇದಕ್ಕಾಗಿಯೇ.

ಬೆವರೇ ಇಲ್ಲದ ಬಾಳು ಹೇಗಿದ್ದೀತು? ಹುಟ್ಟಿನಿಂದಲೇ ಬೆವರುಗ್ರಂಥಿಗಳು ಇಲ್ಲದ, ಇದ್ದರೂ ಅತಿ ವಿರಳವಾಗಿರುವ ಜನರು ಕೆಲವರಿದ್ದಾರೆ. ಸಿಂಧ್ ಪ್ರಾಂತದ ಇಂತಹ ಒಂದು ಕುಟುಂಬದ ವಿಷಯವನ್ನು ಚಾರ್ಲ್ಸ್ ಡಾರ್ವಿನ್ 1875ರ ತನ್ನ ಗ್ರಂಥವೊಂದರಲ್ಲಿ ಬರೆದಿದ್ದಾನೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಹಲ್ಲುಗಳು ಬಹಳ ಕಡಮೆ, ಮೈಮೇಲೆ ಕೂದಲು ಇಲ್ಲವೆಂಬಷ್ಟು ಅಲ್ಪ. ಬೇಸಗೆ ಬಂತೆಂದರೆ ಒಣಗಿದ ಚರ್ಮದಿಂದ ಅವರು ಬಹಳ ಸಂಕಟಪಡುತ್ತಿದ್ದರಂತೆ. ಬೆವರಿಗೆ ಬೇಸರಪಡುವವರು ಆ ಹತ್ತು ಮಂದಿಯನ್ನು ಒಮ್ಮೆ ನೆನೆಯಬಹುದು.

ಇಷ್ಟೆಲ್ಲ ಸರಿ, ಆದರೆ ಪರೀಕ್ಷೆಯ ಕೊಠಡಿಯಲ್ಲಿ ಬಿಸಿಲಿರಲಿಲ್ಲ. ಹುಡುಗಿಯ ಬೆನ್ನು ಬೆವರಿರಲಿಲ್ಲ, ಹಣೆ ಬೆವರಿರಲಿಲ್ಲ. ಅಂಗೈ ಮಾತ್ರ ಬೆವರಿತು. ಇದಕ್ಕೆ ಕಾರಣವನ್ನು ಹುಡುಕಲು ಮೊದಲು ಒಂದು ಪ್ರಾಚೀನ ಗ್ರಂಥದ ಕಡೆಗೆ ಹೊರಳಬೇಕು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ. ಮನಸ್ಸು ಒಂದು ಭಾವದಲ್ಲಿ ಮುಳುಗಿದಾಗ ಶರೀರದಲ್ಲಿ ತಾನಾಗಿ ತೋರುವ ಚಿಹ್ನೆಗಳಿವು. ಸ್ವೇದ ಎಂದರೆ ಬೆವರು. ಬಿಸಿಲು, ಶ್ರಮ, ರೋಗಗಳಂತೆಯೇ ಕೋಪ, ಭಯ, ಹರ್ಷ, ಲಜ್ಜೆಗಳೂ ಸ್ವೇದಕ್ಕೆ ಕಾರಣವೆಂದು ಆ ಶಾಸ್ತ್ರ ಹೇಳುತ್ತದೆ. ಕಣ್ಣೀರನ್ನು ಕರೆದು ತರಬಲ್ಲ ನಟರಿದ್ದಾರೆ. ಬೆವರನ್ನು ಕರೆದು ತರುವುದು ಕಠಿಣ. ಆದುದರಿಂದಲೇ ಬೀಸಣಿಗೆಯನ್ನು ಹಿಡಿಯುವುದು, ಬೆವರನ್ನು ಒರೆಸಿಕೊಳ್ಳುವುದು ಮುಂತಾದ ಅಭಿನಯದಿಂದ ಅದನ್ನು ಸೂಚಿಸಬೇಕೆಂದು ವಿಧಿಸಿದೆ.

ಭರತನು ರಂಗಭೂಮಿಗಾಗಿ ಹೇಳಿದುದನ್ನು ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಶರೀರಶಾಸ್ತ್ರಜ್ಞ ಯಾಸ್ ಕುನೋ ಪ್ರಯೋಗಾಲಯದಲ್ಲಿ ಅಳೆದು ತೋರಿಸಿದರು. ಮನುಷ್ಯನ ಬೆವರನ್ನು ಕುರಿತ ಅವರ ಗ್ರಂಥ 1934ರಲ್ಲಿ ಪ್ರಕಟವಾಯಿತು. ಬೆವರಿನಲ್ಲಿ ಎರಡು ಬಗೆಯುಂಟು ಎಂಬುದು ಅವರ ಸಿದ್ಧಾಂತ. ಮೊದಲನೆಯದು ಉಷ್ಣದಿಂದ ಬರುವುದು. ಅದು ಹಣೆ, ಎದೆ, ಬೆನ್ನುಗಳಲ್ಲಿ ಪ್ರಧಾನವಾಗಿ ಕಾಣುತ್ತದೆ. ಎರಡನೆಯದು ಮನಸ್ಸಿನ ಒತ್ತಡದಿಂದ ಬರುವುದು. ಅದರ ಮುಖ್ಯ ನೆಲೆ ಅಂಗೈ ಮತ್ತು ಅಂಗಾಲು. ಕುಳಿತಲ್ಲಿಯೇ ಬಾಯಿಲೆಕ್ಕವನ್ನು ಮಾಡಿಸಿದರೂ ಸಾಕು, ಅಂಗೈ ಜಿನುಗುತ್ತದೆ! ಗಣಿತದ ತರಗತಿಯ ಅನುಭವವುಳ್ಳವರಿಗೆ ಇದನ್ನು ನಂಬಲು ಜಪಾನಿನ ಪ್ರಯೋಗಾಲಯವೇನೂ ಬೇಕಾಗಿರಲಿಲ್ಲ. ಒಣಗಿದ ಅಂಗೈಗಿಂತ ತುಸು ತೇವವಾದ ಅಂಗೈಗೆ ಹಿಡಿತ ಹೆಚ್ಚು. ಪುಟ ತಿರುವಲು ಬೆರಳನ್ನು ಒದ್ದೆಮಾಡಿಕೊಳ್ಳುವವರನ್ನು ನೋಡಿಲ್ಲವೆ? ಅಪಾಯ ಬಂದಾಗ ಮರದ ಕೊಂಬೆಯನ್ನೋ ಆಯುಧವನ್ನೋ ಬಿಗಿಯಾಗಿ ಹಿಡಿಯಲು ನಮ್ಮ ಪೂರ್ವಜರಿಗೆ ಈ ಏರ್ಪಾಡು ನೆರವಾಗಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಕೆಲವರಲ್ಲಿ ಈ ಏರ್ಪಾಡು ಹದ ತಪ್ಪುತ್ತದೆ. ಅದೇ ಅತಿಬೆವರು. ಅಂಥವರ ಅಂಗೈಯಲ್ಲಿ ಗ್ರಂಥಿಗಳು ಹೆಚ್ಚಾಗಿಲ್ಲ, ದೊಡ್ಡವಾಗಿಯೂ ಇಲ್ಲ. ಅವು ಎಲ್ಲರಲ್ಲಿ ಇರುವಂಥವೇ. ಅವುಗಳಿಗೆ ಆಜ್ಞೆ ಕೊಡುವ ಅನುವೇದಕ ನರಗಳು ಮಾತ್ರ ಸಣ್ಣ ಕಾರಣಕ್ಕೂ, ಕೆಲವೊಮ್ಮೆ ಕಾರಣವೇ ಇಲ್ಲದೆಯೂ ಅತಿಯಾಗಿ ಪ್ರಚೋದನೆಗೊಳ್ಳುತ್ತವೆ. ಕಾವಲುಗಾರನು ಎಲೆ ಅಲುಗಿದರೂ ಗಂಟೆ ಬಾರಿಸಿದಂತೆ! ತೊಂದರೆ ಸಾಮಾನ್ಯವಾಗಿ ಬಾಲ್ಯದಲ್ಲಿ ಅಥವಾ ಹರೆಯದ ಹೊಸ್ತಿಲಲ್ಲಿ ಆರಂಭವಾಗುತ್ತದೆ. ಅಂಗೈ, ಅಂಗಾಲು, ಕಂಕುಳು, ಮುಖ ಇವುಗಳಲ್ಲಿ ಒಂದೆರಡು ಕಡೆ, ಎಡಬಲಗಳೆರಡರಲ್ಲೂ ಸಮವಾಗಿ ಕಾಣಿಸಿಕೊಳ್ಳುತ್ತದೆ. ನಿದ್ರೆ ಬಂದಾಗ ನಿಂತುಬಿಡುತ್ತದೆ. ಅನೇಕ ವೇಳೆ ತಂದೆ ತಾಯಿಯರಲ್ಲಿ ಒಬ್ಬರಿಗೋ ಹತ್ತಿರದ ಬಂಧುಗಳಿಗೋ ಇದ್ದೇ ಇರುತ್ತದೆ.

ಆ ಹುಡುಗಿಯ ಮನೆಯಲ್ಲಿಯೂ ಹಾಗೆಯೇ ಆಗಿತ್ತು. ಪರೀಕ್ಷೆಯಿಂದ ಅಳುತ್ತ ಬಂದ ಮಗಳ ಕೈಯನ್ನು ತಂದೆ ತನ್ನ ಕೈಯಲ್ಲಿ ಹಿಡಿದುಕೊಂಡು, “ನನ್ನದೂ ಹೀಗೇ ಕಣವ್ವ, ನೇಗಿಲ ಮೇಳಿ ಜಾರೋದು. ಒಂದು ಹಿಡಿ ಮಣ್ಣು ಉಜ್ಜಿಕೊಂಡು ಉಳ್ತಿದ್ದೆ” ಎಂದನಂತೆ. ಹೊಲದಲ್ಲಿ ಮಣ್ಣಿತ್ತು, ನೋಡಿ ನಗುವವರಿರಲಿಲ್ಲ. ಮಗಳಿಗೆ ಒದಗಿದ ಕಾಗದದ ಕಷ್ಟ ತಂದೆಗೆ ಒದಗಿರಲಿಲ್ಲ.

ಈ ಕುರಿತು ಬಳಕೆಯಲ್ಲಿರುವ ತಪ್ಪು ತಿಳಿವಳಿಕೆಗಳು ಹಲವು. ಕೈ ಬೆವರುವವನು ಪುಕ್ಕಲನೆಂಬುದು ಒಂದು. ಹೆದರಿಕೆಯಿಂದ ಬೆವರು ಹೆಚ್ಚುವುದು ನಿಜ. ಆದರೆ ಅತಿಬೆವರು ಉಳ್ಳವರು ಸ್ವಭಾವದಿಂದ ಹೇಡಿಗಳೆಂಬುದು ಸುಳ್ಳು. ಇಲ್ಲಿ ಕಾರ್ಯಕಾರಣಗಳು ಒಂದರ ಬಾಲವನ್ನೊಂದು ಹಿಡಿದು ಸುತ್ತುತ್ತವೆ: ಕೈ ಬೆವರಿತೆಂದು ಅಂಜಿಕೆ, ಅಂಜಿಕೆಯಿಂದ ಮತ್ತಷ್ಟು ಬೆವರು. ನಗುವವರು ಈ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಾರೆ. ಬೆವರೆಂದರೆ ಕೊಳಕು ಎಂಬುದು ಇನ್ನೊಂದು ತಪ್ಪು. ಹೊಸದಾಗಿ ಬಂದ ಬೆವರಿಗೆ ವಾಸನೆಯೇ ಇರದು. ಹರೆಯದಲ್ಲಿ ಕಂಕುಳಿನ ಬೇರೊಂದು ಜಾತಿಯ ಗ್ರಂಥಿಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳ ಸ್ರಾವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಗಳು ಒಡೆದಾಗ ದುರ್ವಾಸನೆ ಹುಟ್ಟುತ್ತದೆ. ಪ್ರತಿದಿನ ಸ್ನಾನಮಾಡಿ ಒಗೆದ ಬಟ್ಟೆ ತೊಟ್ಟರೆ ವಾಸನೆ ತಗ್ಗೀತು, ಅತಿಬೆವರು ತಗ್ಗದು. ನೀರು ಕುಡಿಯುವುದನ್ನು ಕಡಮೆ ಮಾಡಿದರೆ ಬೆವರು ನಿಲ್ಲುವುದೆಂಬ ನಂಬಿಕೆಯಂತೂ ಅಪಾಯಕಾರಿ. ಬೆವರಿನಲ್ಲಿ ಕಳೆದುಹೋದ ನೀರನ್ನು ಮರಳಿ ತುಂಬಲೇಬೇಕು. ಉಪ್ಪು ಬೆರೆಸಿದ ಮಜ್ಜಿಗೆಯನ್ನು ಬೇಸಗೆಯಲ್ಲಿ ಕುಡಿಯುವ ನಮ್ಮ ಹಿರಿಯರ ಪದ್ಧತಿ ಒಳ್ಳೆಯದೇ.

ಎಲ್ಲ ಅತಿಬೆವರೂ ಒಂದೇ ಅಲ್ಲ. ಇದುವರೆಗೆ ಇಲ್ಲದವರಿಗೆ ಒಮ್ಮೆಲೆ ಮೈಯೆಲ್ಲ ಬೆವರತೊಡಗಿದರೆ, ರಾತ್ರಿ ನಿದ್ರೆಯಲ್ಲಿ ಹಾಸಿಗೆ ನೆನೆಯುವಷ್ಟು ಬೆವರಿದರೆ, ಜೊತೆಗೆ ಜ್ವರ ಬಂದರೆ ಅಥವಾ ತೂಕ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕ್ಷಯ, ಮಲೇರಿಯ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಇವುಗಳ ಸೂಚನೆ ಅದಾಗಿರಬಹುದು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಸಕ್ಕರೆ ಇಳಿದಾಗಲೂ ಮೈ ಬೆವರುತ್ತದೆ. ವಯಸ್ಸಾದವರಿಗೆ ಎದೆನೋವಿನೊಡನೆ ತಣ್ಣನೆಯ ಬೆವರು ಬಂದರೆ ಅದು ಹೃದಯಾಘಾತವಾಗಿರಬಹುದು. ಆಗ ಒಂದು ನಿಮಿಷವೂ ಅಮೂಲ್ಯ.

ಬೆವರು ಎಲ್ಲಿ ಎಷ್ಟು ಬರುತ್ತದೆಂಬುದನ್ನು ಕಾಣಿಸಲು ವೈದ್ಯರ ಬಳಿ ಒಂದು ಸರಳ ಉಪಾಯವಿದೆ. ಗಂಜಿಯ ಮೇಲೆ ಅಯೊಡಿನ್ ಹಾಕಿದರೆ ಕಡುನೀಲಿಯಾಗುವುದನ್ನು ವಿಜ್ಞಾನದ ತರಗತಿಯಲ್ಲಿ ನೋಡಿದ್ದೇವೆ. ಚರ್ಮಕ್ಕೆ ಅಯೊಡಿನ್ ದ್ರಾವಣ ಸವರಿ, ಆರಿದ ಮೇಲೆ ಪಿಷ್ಟದ ಪುಡಿ ಉದುರಿಸಿದರೆ, ಬೆವರು ಬಂದೆಡೆಯಲ್ಲಿ ಮಾತ್ರ ನೀಲಿಗಪ್ಪು ಬಣ್ಣ ಮೂಡುತ್ತದೆ. 1928ರಲ್ಲಿ ಮೈನರ್ ಎಂಬ ವೈದ್ಯನು ಪ್ರಕಟಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಚಿಕಿತ್ಸೆ ಸುಲಭವಾದುದರಿಂದ ಆರಂಭವಾಗುತ್ತದೆ. ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ರಾತ್ರಿ ಮಲಗುವಾಗ ಚೆನ್ನಾಗಿ ಒಣಗಿದ ಅಂಗೈಗೆ ಸವರಿ, ಬೆಳಗ್ಗೆ ತೊಳೆಯಬೇಕು. ಅದರ ಲವಣ ಗ್ರಂಥಿಯ ಬಾಯಲ್ಲಿ ಬೆಣೆಯಂತೆ ಕೂತು ದಾರಿಯನ್ನು ತಡೆಯುತ್ತದೆ. ರಾತ್ರಿಯೇ ಏಕೆ? ನಿದ್ರೆಯಲ್ಲಿ ಅಂಗೈ ಬೆವರುವುದಿಲ್ಲ. ಬೆವರುವ ಕೈಗೆ ಹಚ್ಚಿದರೆ ಮದ್ದು ನೀರಿನೊಡನೆ ಬೆರೆತು ಆಮ್ಲವಾಗಿ ಚರ್ಮವನ್ನು ಸುಡುತ್ತದೆ. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕವೂ ಅಲ್ಯೂಮಿನಿಯಂ ಲವಣಗಳ ಬಳಗಕ್ಕೇ ಸೇರಿದ್ದು. ಇದರಿಂದ ಸಾಲದಾದರೆ ನೀರು ತುಂಬಿದ ತಟ್ಟೆಗಳಲ್ಲಿ ಅಂಗೈಗಳನ್ನಿರಿಸಿ ಅತಿ ದುರ್ಬಲವಾದ ವಿದ್ಯುತ್ತನ್ನು ಹಾಯಿಸುವ ಕ್ರಮವುಂಟು. ವಾರಕ್ಕೆ ಕೆಲವು ಸಲದಂತೆ ಕೆಲವು ವಾರ ಇದನ್ನು ಮಾಡಿಸಬೇಕು. ಅದಕ್ಕೆಂದೇ ಮಾಡಿದ ಉಪಕರಣದಿಂದ, ವೈದ್ಯರ ಮಾರ್ಗದರ್ಶನದಲ್ಲಿ ಮಾತ್ರ ಇದು ನಡೆಯತಕ್ಕುದು. ಮನೆಯ ವಿದ್ಯುತ್ತಿನಿಂದ ಇಂತಹ ಪ್ರಯೋಗಕ್ಕೆ ಕೈಹಾಕುವುದು ಸಾವನ್ನು ಕರೆದಂತೆ. ಬಾಯಿಯ ಮೂಲಕ ಕೊಡುವ ಮಾತ್ರೆಗಳೂ ಇವೆ. ಅವು ಬೆವರಿನೊಡನೆ ಬಾಯಿಯ ಜೊಲ್ಲನ್ನೂ ಒಣಗಿಸುತ್ತವೆ, ಕಣ್ಣನ್ನು ಮಂಜಾಗಿಸಬಲ್ಲವು; ಆದುದರಿಂದ ತಾವೇ ಕೊಂಡು ನುಂಗುವಂಥವಲ್ಲ.

ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯದ ವಿಷ ಬಾಟ್ಯುಲಿನಂ. ಜಗತ್ತಿನ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ಅದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚರ್ಮದೊಳಕ್ಕೆ ಚುಚ್ಚಿದರೆ ನರದ ಆಜ್ಞೆ ಗ್ರಂಥಿಯನ್ನು ತಲಪದಂತೆ ತಿಂಗಳುಗಟ್ಟಲೆ ತಡೆಯುತ್ತದೆ. ಕಂಕುಳಿನ ತೀವ್ರ ಅತಿಬೆವರಿಗೆ ಈ ಚಿಕಿತ್ಸೆಯನ್ನು ಅಮೆರಿಕದಲ್ಲಿ 2004ರಲ್ಲಿ ಅಂಗೀಕರಿಸಿದರು. ಅದರ ವೆಚ್ಚ ಹೆಚ್ಚು. ಎದೆಯೊಳಗಿನ ಅನುವೇದಕ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅಂಗೈ ಒಣಗುವುದೇನೋ ನಿಜ, ಆದರೆ ಅನೇಕರಿಗೆ ಅನಂತರ ಬೆನ್ನು ಹೊಟ್ಟೆಗಳಲ್ಲಿ ಬೆವರು ಹೆಚ್ಚುತ್ತದೆ, ಅದನ್ನು ಹಿಂತಿರುಗಿಸಲು ಆಗದು. ಬೇರೆ ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಯೋಚಿಸಬೇಕಾದ ದಾರಿ ಅದು.

ಮದ್ದಿನ ಜೊತೆಗೆ ಕೆಲವು ಸಣ್ಣ ಅನುಕೂಲಗಳೂ ಬೇಕು. ಹತ್ತಿಯ ಬಟ್ಟೆ ತೊಡುವುದು, ಕಾಲುಚೀಲವನ್ನು ದಿನವೂ ಬದಲಿಸುವುದು, ಶೂಗಳನ್ನು ಬಿಸಿಲಿನಲ್ಲಿ ಒಣಗಿಸುವುದು, ಬರೆಯುವಾಗ ಮಣಿಕಟ್ಟಿನ ಕೆಳಗೆ ಮಡಿಸಿದ ಬಟ್ಟೆಯನ್ನೋ ಒತ್ತುಕಾಗದವನ್ನೋ ಇಟ್ಟುಕೊಳ್ಳುವುದು ಇತ್ಯಾದಿ. ಪರೀಕ್ಷೆಯ ದಿನ ಇದನ್ನು ಮುಂಚಿತವಾಗಿ ಮೇಲ್ವಿಚಾರಕರಿಗೆ ತಿಳಿಸಿಟ್ಟರೆ ಸಂಶಯಕ್ಕೆ ಎಡೆಯಿರದು. ಉಪಾಧ್ಯಾಯರಿಗೂ ಒಂದು ಕೆಲಸವುಂಟು. ಒದ್ದೆಯಾದ ಪುಸ್ತಕವನ್ನು ಕಂಡೊಡನೆ ಅಜಾಗರೂಕತೆಯೆಂದು ತೀರ್ಮಾನಿಸದೆ, ಮಗುವಿನ ಅಂಗೈಯನ್ನು ಒಮ್ಮೆ ನೋಡಬೇಕು.

ಪರೀಕ್ಷೆ ಮುಗಿದ ವಾರ ಹುಡುಗಿಯ ತಾಯಿ ಅವಳನ್ನು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದೊಯ್ದಳು. ವೈದ್ಯೆ ಕೇಳಿದ ಪ್ರಶ್ನೆಗಳು ಕೆಲವೇ: ಯಾವಾಗಿನಿಂದ? ಎರಡು ಕೈಯಲ್ಲಿಯೂ ಉಂಟೆ? ನಿದ್ರೆಯಲ್ಲಿ ನಿಲ್ಲುತ್ತದೆಯೆ? ಮನೆಯಲ್ಲಿ ಇನ್ನಾರಿಗೆ ಇದೆ? ಆಮೇಲೆ ಒಂದು ಸಣ್ಣ ಸೀಸೆ ದ್ರಾವಣವನ್ನು ಬರೆದುಕೊಟ್ಟು, ಮೊದಲ ದಿನಗಳಲ್ಲಿ ತುಸು ತುರಿಕೆಯಾದೀತು, ಹೆದರಬೇಡವೆಂದರು. ಅಂಗೈ ಪೂರ್ತಿ ಒಣಗಲಿಲ್ಲ. ಆದರೆ ಮೂರನೆಯ ವಾರದ ಹೊತ್ತಿಗೆ ಒಂದು ಪುಟವನ್ನು ಶಾಯಿ ಹರಡದಂತೆ ಬರೆದು ಮುಗಿಸುವುದು ಸಾಧ್ಯವಾಯಿತು. ಅವಳು ಆ ಪುಟವನ್ನು ಹರಿದು ತಂದೆಗೆ ತೋರಿಸಿದಳು. ಅವನಿಗೆ ಓದು ಬರದು. ಕಾಗದವನ್ನು ಬೆಳಕಿಗೆ ಹಿಡಿದು, ಒದ್ದೆಯ ಕಲೆ ಎಲ್ಲಿಯೂ ಇಲ್ಲವೆಂಬುದನ್ನು ನೋಡಿ, ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ತನ್ನ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, “ಇನ್ನೊಂದು ಸಲ ಆಸ್ಪತ್ರೆಗೆ ಹೋಗುವಾಗ ಹೇಳವ್ವ, ನಾನೂ ಬಂದು ಕೈ ತೋರಿಸ್ತೀನಿ” ಎಂದನು.